ಕಂಡೂ ಕಾಣದ ಹಾಗೆ ಇರುವವನು: ಅನಿಮೇಷನ್ ಚಿತ್ರಗಳ ಸಣ್ಣ ವಿಲನ್‌ಗಳ ಬಗ್ಗೆ

ಒಂದು ಚಿಕ್ಕ ಆಫೀಸು ಕೋಣೆ. ಮೇಜಿನ ಆಚೆ ಒಬ್ಬ ಕುಳ್ಳ ಮನುಷ್ಯ. ಎದುರಿಗೆ, ಅವನಿಗಿಂತ ಎಷ್ಟೋ ಪಾಲು ದೊಡ್ಡ ದೇಹದ ಒಬ್ಬ ನೌಕರ. ಕುಳ್ಳ ಮನುಷ್ಯ ಬಾಸು. ಬೈಯುತ್ತಲೇ ಮೇಜಿನ ಮೇಲಿನ ಪೆನ್ಸಿಲ್‌ಗಳನ್ನು ಬೆರಳ ತುದಿಯಿಂದ ಸರಿಮಾಡುತ್ತಾನೆ. ಒಂದು ಚೂರೂ ಓರೆ ಇರಬಾರದು. ಅಷ್ಟರಲ್ಲಿ ಹೊರಗಡೆ ಗಲ್ಲಿಯಲ್ಲಿ ಒಬ್ಬ ಕಳ್ಳ ಇನ್ನೊಬ್ಬನನ್ನು ಹಿಡಿದು ಹೊಡೆದು ದೋಚುತ್ತಿರುವುದು ನೌಕರನ ಕಣ್ಣಿಗೆ ಬೀಳುತ್ತದೆ. ಅಲ್ಲಿ ಒಬ್ಬನಿಗೆ ಸಹಾಯ ಬೇಕು ಅನ್ನುತ್ತಾನೆ. ವಿಷಯ ಬದಲಾಯಿಸಬೇಡ ಅನ್ನುತ್ತಾನೆ ಬಾಸು. ಅಲ್ಲಿ ದೋಚುತ್ತಿದ್ದಾರೆ ಅಂತ ನೌಕರ ಮತ್ತೆ ಹೇಳುತ್ತಾನೆ. ಅದಕ್ಕೆ ಬಾಸಿನ ಉತ್ತರ: ಅವನು ನಮ್ಮ ಪಾಲಿಸಿದಾರ ಆಗಿರದಿದ್ದರೆ ಸಾಕು.

ಇದು 2004ರಲ್ಲಿ ಬಂದ 'ದಿ ಇನ್‌ಕ್ರೆಡಿಬಲ್ಸ್' ಚಿತ್ರದ ದೃಶ್ಯ. ನೌಕರ ಬಾಬ್ ಪಾರ್, ಒಂದು ಕಾಲದ ಸೂಪರ್ ಹೀರೋ. ಈಗ ವಿಮೆ ಕಂಪನಿಯಲ್ಲಿ ಗುಮಾಸ್ತ. ಬಾಸಿನ ಹೆಸರು ಗಿಲ್ಬರ್ಟ್ ಹಫ್. ಇಡೀ ಚಿತ್ರದಲ್ಲಿ ಹಫ್ ಕಾಣಿಸಿಕೊಳ್ಳುವುದು ಕೆಲವೇ ನಿಮಿಷ. ಆ ಚಿತ್ರಕ್ಕೆ ಬೇರೆ ದೊಡ್ಡ ವಿಲನ್ ಇದ್ದಾನೆ. ಅವನ ಹತ್ತಿರ ರೋಬೋಟ್ ಇದೆ, ದ್ವೀಪ ಇದೆ, ಅವನು ಎಷ್ಟೋ ಜನರನ್ನು ಕೊಂದಿದ್ದಾನೆ. ಆದರೂ ಚಿತ್ರ ನೋಡಿದವರನ್ನು ಕೇಳಿ ನೋಡಿ. ದೊಡ್ಡ ವಿಲನ್ ಬಗ್ಗೆ ಮಾತಾಡುವಾಗ ಅವರ ಕಣ್ಣು ಅರಳುತ್ತದೆ. ಹಫ್ ಹೆಸರು ತೆಗೆದರೆ ಮುಖ ಹಿಂಡುತ್ತಾರೆ.

ಇವತ್ತು ನನ್ನ ಮಾತು ಪೂರ್ತಿ ಈ ಮುಖ ಹಿಂಡುವುದರ ಬಗ್ಗೆ. ಒಬ್ಬ ಸಣ್ಣ ವಿಲನ್, ಎರಡು ಮೂರು ದೃಶ್ಯದಲ್ಲಿ ಬಂದು ಹೋಗುವವನು, ನಮಗೆ ಇಷ್ಟೊಂದು ಅಸಹ್ಯ ಆಗುವುದು ಹೇಗೆ? ಅವನು ಮಾಡಿದ್ದಾದರೂ ಏನು? ಯಾರನ್ನೂ ಕೊಲ್ಲಲಿಲ್ಲ. ಊರು ಸುಡಲಿಲ್ಲ. ಒಬ್ಬ ನೌಕರನನ್ನು ಬಾಗಿಲ ಹತ್ತಿರ ತಡೆದು ನಿಲ್ಲಿಸಿದ, ಅಷ್ಟೇ.

ದೊಡ್ಡ ವಿಲನ್‌ಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ನಿಮಗೆಲ್ಲ ಗೊತ್ತಿರುವುದೇ. 1994ರ 'ದಿ ಲಯನ್ ಕಿಂಗ್' ಚಿತ್ರದ ಸ್ಕಾರ್ ಸ್ವಂತ ಅಣ್ಣನನ್ನು ಕೊಂದವನು. ಅಷ್ಟಾದರೂ ಅವನಿಗೆ ಒಂದು ಹಾಡಿದೆ, ನಡಿಗೆ ಇದೆ, ಮಾತಿನಲ್ಲಿ ಗತ್ತಿದೆ. ಅವನು ಪರದೆಗೆ ಬಂದರೆ ನಾವು ನೆಟ್ಟಗೆ ಕೂರುತ್ತೇವೆ. ದೊಡ್ಡ ವಿಲನ್‌ಗೆ ಚಿತ್ರ ಸಮಯ ಕೊಡುತ್ತದೆ, ಬಣ್ಣ ಕೊಡುತ್ತದೆ, ಅವನಿಗೊಂದು ಕನಸು ಕೊಡುತ್ತದೆ. ಆ ಕನಸು ಕೆಟ್ಟದ್ದಾದರೂ ಕನಸೇ. ಹಾಗಾಗಿ ಅವನನ್ನು ನಾವು ದ್ವೇಷಿಸಿದರೂ ಆ ದ್ವೇಷದಲ್ಲಿ ಒಂದು ಬೆರಗು ಬೆರೆತಿರುತ್ತದೆ. ಮಕ್ಕಳು ವೇಷ ಹಾಕಬೇಕಾದರೆ ಅಂಥವರ ವೇಷ ಹಾಕುತ್ತಾರೆ. ಹಫ್ ವೇಷ ಹಾಕಿದ ಮಗುವನ್ನು ನಾನಂತೂ ನೋಡಿಲ್ಲ.

ಸಣ್ಣ ವಿಲನ್‌ಗೆ ಹಾಡಿಲ್ಲ. ಹಿಂದಿನ ಕಥೆ ಇಲ್ಲ. ಅವನ ಹತ್ತಿರ ಇರುವುದು ಬರೀ ಒಂದು ಕೆಲಸ, ಅದನ್ನು ಅವನು ಮಾಡುವ ರೀತಿ. ಆದ್ದರಿಂದ ಬರೆಯುವವರೂ ಚಿತ್ರ ಬಿಡಿಸುವವರೂ ಎಲ್ಲವನ್ನೂ ಆ ರೀತಿಯಲ್ಲೇ ಹೇಳಬೇಕು.

ಪೆನ್ಸಿಲ್‌ಗಳ ಮಾತಿಗೆ ಮತ್ತೆ ಬರುತ್ತೇನೆ. ಕ್ಯಾಮೆರಾ ಇಟ್ಟು ತೆಗೆಯುವ ಸಿನಿಮಾದಲ್ಲಿ ಮೇಜಿನ ಮೇಲೆ ಒಂದು ಪೆನ್ಸಿಲ್ ಸುಮ್ನೆ ಬಿದ್ದಿರಬಹುದು. ಯಾರೋ ಮರೆತು ಬಿಟ್ಟಿರಬಹುದು. ಅನಿಮೇಷನ್‌ನಲ್ಲಿ ಹಾಗೆ ಯಾವುದೂ ಸುಮ್ನೆ ಬಂದು ಬೀಳುವುದಿಲ್ಲ. ಒಬ್ಬರು ಆ ಪೆನ್ಸಿಲ್ ಬೇಕು ಅಂತ ತೀರ್ಮಾನ ಮಾಡಿರುತ್ತಾರೆ. ಒಬ್ಬರು ಅದನ್ನು ಕಂಪ್ಯೂಟರಿನಲ್ಲಿ ಕಟ್ಟಿರುತ್ತಾರೆ. ಒಬ್ಬರು ಅವನ ಬೆರಳು ಅದರ ತುದಿಯನ್ನು ಎಷ್ಟು ಮೆಲ್ಲಗೆ ಮುಟ್ಟಬೇಕು ಅಂತ ಫ್ರೇಮ್ ಫ್ರೇಮ್ ಲೆಕ್ಕದಲ್ಲಿ ಕೂತು ಮಾಡಿರುತ್ತಾರೆ. ಒಂದು ಸೆಕೆಂಡಿಗೆ 24 ಫ್ರೇಮ್. ಇಷ್ಟೆಲ್ಲ ಕಷ್ಟಪಟ್ಟು ಪೆನ್ಸಿಲ್ ಜೋಡಿಸುವುದನ್ನು ತೋರಿಸಿದ್ದಾರೆ ಅಂದರೆ ಅದರಲ್ಲಿ ಏನೋ ಇದೆ.

ನನಗೆ ಅನ್ನಿಸುವುದು ಇದು. ಆ ಮನುಷ್ಯನಿಗೆ ಕಾಳಜಿ ಇದೆ. ಅವನು ಕಲ್ಲಲ್ಲ. ಪೆನ್ಸಿಲ್ ಓರೆಯಾದರೆ ಅವನಿಗೆ ಸಂಕಟ ಆಗುತ್ತದೆ. ಕಂಪನಿ ಒಂದು ದೊಡ್ಡ ಗಡಿಯಾರದ ಹಾಗೆ, ಎಲ್ಲ ಹಲ್ಲುಚಕ್ರವೂ ಸರಿಯಾಗಿ ಕೂರಬೇಕು ಅಂತ ಬಾಬ್‌ಗೆ ಪಾಠ ಮಾಡುತ್ತಾನೆ. ಗ್ರಾಹಕರು ನಿಯಮಗಳ ಒಳದಾರಿ ತಿಳಿದುಕೊಂಡು ತಮ್ಮ ಹಣ ತಾವು ಪಡೆದುಕೊಳ್ಳುತ್ತಿದ್ದಾರೆ ಅನ್ನುವುದು ಅವನಿಗೆ ನಿಜವಾದ ನೋವು. ಅಂದರೆ ನೋಯುವ ಶಕ್ತಿ ಅವನಿಗಿದೆ. ಹೊರಗೆ ಹೊಡೆತ ತಿನ್ನುತ್ತಿರುವ ಮನುಷ್ಯನ ಮೇಲೆ ಮಾತ್ರ ಅದು ಹರಿಯುವುದಿಲ್ಲ.

ಅವನಿಗೆ ವಿಷಯ ಗೊತ್ತಾಗಿಲ್ಲ ಅನ್ನುವ ಹಾಗೂ ಇಲ್ಲ. ಇದು ಮುಖ್ಯ. ಬಾಬ್ ಹೇಳಿದ್ದು ಅವನ ಕಿವಿಗೆ ಬಿದ್ದಿದೆ. ಅದಕ್ಕೆ ಉತ್ತರವನ್ನೂ ಕೊಟ್ಟಿದ್ದಾನೆ. ಆ ಉತ್ತರದಲ್ಲಿ ಹೊಡೆತ ತಿನ್ನುವವನು ಒಂದು ಕ್ಲೈಮ್ ಆಗಿಹೋಗಿದ್ದಾನೆ. ಬಾಬ್ ಬಾಗಿಲ ಹಿಡಿ ಹಿಡಿದು ನಿಲ್ಲುತ್ತಾನೆ. ಹೊರಗೆ ಹೋದರೆ ಕೆಲಸ ಹೋಯಿತು ಅನ್ನುತ್ತಾನೆ ಹಫ್. ಬಾಬ್ ವಾಪಸ್ ಬರುತ್ತಾನೆ. ಕಳ್ಳ ತಪ್ಪಿಸಿಕೊಂಡು ಹೋಗುತ್ತಾನೆ. ಆಗ ಹಫ್ ಅದೂ ಒಳ್ಳೆಯದೇ ಆಯಿತು, ನಿನ್ನ ಕೆಲಸ ಇನ್ನೇನು ಹೋಗುವುದರಲ್ಲಿತ್ತು ಅಂತ ಶುರು ಮಾಡುತ್ತಾನೆ. ಮಾತು ಮುಗಿಯುವ ಮೊದಲೇ ಬಾಬ್ ಕೈ ಅವನ ಕುತ್ತಿಗೆಗೆ ಬಂದಿರುತ್ತದೆ. ಮುಂದೆ ಅವನು ಗೋಡೆ ಮೇಲೆ ಗೋಡೆ ಒಡೆದುಕೊಂಡು ಹೋಗಿ ಬೀಳುತ್ತಾನೆ.

ನಾನು ಈ ದೃಶ್ಯವನ್ನು ತರಗತಿಯಲ್ಲಿ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ. ಗೋಡೆ ಒಡೆಯುವಾಗ ಒಂದು ಉಸಿರು ಹೊರಗೆ ಬರುತ್ತದೆ, ಇಡೀ ಕೋಣೆಯಿಂದ ಒಟ್ಟಿಗೆ. ಆದರೆ ಚಿತ್ರ ಆ ಖುಷಿಯನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲು ಬಿಡುವುದಿಲ್ಲ. ಮುಂದಿನ ದೃಶ್ಯ ಆಸ್ಪತ್ರೆ. ಹಫ್ ಮೈತುಂಬ ಕಟ್ಟು. ಬಾಬ್‌ಗೆ ಕೆಲಸ ಇಲ್ಲ. ಕೈಯಳತೆಯಲ್ಲಿದ್ದವನನ್ನು ಉಳಿಸಲು ಆಗಲಿಲ್ಲ, ಸಿಟ್ಟಿನಲ್ಲಿ ಮಾಡಬಾರದ್ದು ಮಾಡಿದ್ದೂ ಆಯಿತು. ಒಬ್ಬ ಸಣ್ಣ ಮನುಷ್ಯ ಒಬ್ಬ ಒಳ್ಳೆಯ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸಬಲ್ಲ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ವಿಷಯ, ದನಿಯದ್ದು. ಹಫ್‌ಗೆ ದನಿ ಕೊಟ್ಟವರು ವಾಲೇಸ್ ಶಾನ್. 'ಟಾಯ್ ಸ್ಟೋರಿ' ಚಿತ್ರಗಳಲ್ಲಿ ರೆಕ್ಸ್ ಅನ್ನುವ ಪುಕ್ಕಲು ಡೈನೋಸಾರ್ ಇದೆಯಲ್ಲ, ಅದಕ್ಕೂ ಅವರದ್ದೇ ದನಿ. ರೆಕ್ಸ್‌ನನ್ನು ಇಷ್ಟಪಡದವರು ಯಾರಿದ್ದಾರೆ? ಅದೇ ಗಂಟಲು, ಅದೇ ಸ್ವಲ್ಪ ಕೀರಲು ಮಾತು. ರೆಕ್ಸ್‌ನಲ್ಲಿ ಅದು ಮುದ್ದು, ಹಫ್‌ನಲ್ಲಿ ಅದು ಕಿವಿಗೆ ಉಜ್ಜುವ ಮರಳು ಕಾಗದ. ಹಾಗಿದ್ದರೆ ಅಸಹ್ಯ ಇರುವುದು ದನಿಯಲ್ಲಲ್ಲ. ಆ ದನಿ ಯಾರ ಪರವಾಗಿ ನಡುಗುತ್ತದೆ ಅನ್ನುವುದರಲ್ಲಿದೆ. ರೆಕ್ಸ್ ಹೆದರುತ್ತಾನೆ, ಆದರೂ ಗೆಳೆಯರ ಹಿಂದೆ ಹೋಗುತ್ತಾನೆ.

ಇಲ್ಲೇ ರೂಪದ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದು ನನಗೆ ನಿಜವಾಗಿ ಬೇಸರ ತರುವ ವಿಷಯ. ವಿಲನ್ ಅಂದ ಕೂಡಲೇ ಕುಳ್ಳ, ಡೊಳ್ಳುಹೊಟ್ಟೆ, ಉಬ್ಬು ಹಲ್ಲು, ಬೋಳು ತಲೆ. ಇದು ಸೋಮಾರಿಗಳ ದಾರಿ. 2003ರ 'ಫೈಂಡಿಂಗ್ ನೀಮೋ' ಚಿತ್ರದಲ್ಲಿ ಡಾರ್ಲಾ ಅನ್ನುವ ಹುಡುಗಿ ಬರುತ್ತಾಳೆ. ಹಲ್ಲಿಗೆ ತಂತಿ ಹಾಕಿಸಿಕೊಂಡಿರುವ ಹುಡುಗಿ. ಉಡುಗೊರೆಯಾಗಿ ಬಂದ ಮೀನಿನ ಚೀಲವನ್ನು ಅಲ್ಲಾಡಿಸಿ ಅಲ್ಲಾಡಿಸಿ ಮೀನನ್ನೇ ಸಾಯಿಸಿದವಳು. ಮೀನುಗಳ ಕಣ್ಣಿನಿಂದ ನೋಡಿದರೆ ಅವಳು ರಾಕ್ಷಸಿ. ನಗು ಬರುತ್ತದೆ, ಭಯವೂ ಆಗುತ್ತದೆ. ಆದರೆ ಹಲ್ಲಿಗೆ ತಂತಿ ಹಾಕಿಸಿಕೊಂಡ ಎಷ್ಟೋ ಮಕ್ಕಳು ಆ ಚಿತ್ರ ನೋಡಿದ್ದಾರೆ ಅನ್ನುವುದನ್ನು ಮರೆಯಲು ನನಗೆ ಆಗುವುದಿಲ್ಲ. ಡಾರ್ಲಾಳನ್ನು ನಾವು ಪೂರ್ತಿಯಾಗಿ ದ್ವೇಷಿಸುವುದೂ ಇಲ್ಲ. ಅವಳಿಗೆ ಮೀನು ಸತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಅವಳು ಮೀನು ಕಂಡರೆ ಪ್ರಾಣ ಬಿಡುವ ಮಗು. ಪ್ರೀತಿಸುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

1995ರ ಮೊದಲ 'ಟಾಯ್ ಸ್ಟೋರಿ'ಯ ಸಿಡ್ ಕೂಡ ಹೀಗೇ. ಆಟಿಕೆಗಳ ಕೈಕಾಲು ಕಿತ್ತು ಬೇರೆ ಬೇರೆ ಜೋಡಿಸುವ ಹುಡುಗ. ಆಟಿಕೆಗಳಿಗೆ ಜೀವ ಇದೆ ಅಂತ ಅವನಿಗೆ ಗೊತ್ತೇ ಇಲ್ಲ. ಗೊತ್ತಾದ ಕ್ಷಣ ಕಿರುಚಿಕೊಂಡು ಓಡುತ್ತಾನೆ. ಈಗ ದೊಡ್ಡವನಾಗಿ ಮತ್ತೆ ನೋಡಿದಾಗ ನನಗೆ ಅವನ ಮೇಲೆ ಕನಿಕರವೇ ಬರುತ್ತದೆ. ತಂಗಿಯ ಬೊಂಬೆಯ ತಲೆ ಕಿತ್ತು ಅವಳನ್ನು ಅಳಿಸುತ್ತಾನಲ್ಲ, ಅದೊಂದೇ ಅವನು ಗೊತ್ತಿದ್ದೂ ಮಾಡುವ ಕ್ರೌರ್ಯ. ಅಲ್ಲಿ ಮಾತ್ರ ಈಗಲೂ ನನ್ನ ಹಲ್ಲು ಕಚ್ಚುತ್ತದೆ.

1999ರ ಎರಡನೇ ಚಿತ್ರದಲ್ಲಿ ಆಲ್ ಬರುತ್ತಾನೆ, ಆಟಿಕೆ ಅಂಗಡಿಯ ಮಾಲೀಕ. ಮನೆಯಂಗಳದ ಮಾರಾಟದಲ್ಲಿ ವುಡಿ ಗೊಂಬೆಯನ್ನು ನೋಡುತ್ತಾನೆ. ಆ ಗೊಂಬೆಯ ಒಡೆಯನಾದ ಹುಡುಗನ ತಾಯಿ ಇದು ಮಾರಾಟಕ್ಕಿಲ್ಲ ಅನ್ನುತ್ತಾಳೆ. ಕದ್ದುಕೊಂಡು ಹೋಗುತ್ತಾನೆ. ಶುದ್ಧ ಕಳ್ಳ. ಆದರೂ ನಾವು ಅವನನ್ನು ಸಹಿಸಿಕೊಳ್ಳುತ್ತೇವೆ. ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲಪ್ಪಾ ಅಂತ ಗೊಣಗುತ್ತಾ ಕಾರು ಹತ್ತುತ್ತಾನೆ. ಕಾರು ರಸ್ತೆ ದಾಟಿ ಎದುರಿಗಿರುವ ಅಂಗಡಿಯ ಮುಂದೆ ನಿಲ್ಲುತ್ತದೆ. ಅಲ್ಲಿಗೆ ಮುಗಿಯಿತು. ಒಬ್ಬನನ್ನು ನೋಡಿ ಮನಸಾರೆ ನಕ್ಕ ಮೇಲೆ ಅವನನ್ನು ಪೂರ್ತಿ ದ್ವೇಷಿಸುವುದು ಕಷ್ಟ. ನಗು ಅವನನ್ನು ನಮ್ಮ ಹತ್ತಿರ ತಂದುಬಿಡುತ್ತದೆ. ಹಫ್‌ನ ದೃಶ್ಯದಲ್ಲೂ ನಗು ಇದೆ, ಆದರೆ ಕಿಟಕಿಯ ಆಚೆ ಏಟು ಬೀಳುತ್ತಿರುವುದರಿಂದ ಆ ನಗು ಗಂಟಲಲ್ಲೇ ನಿಲ್ಲುತ್ತದೆ.

ಇಷ್ಟು ಹೊತ್ತಿಗೆ ನಾನು ಎಲ್ಲಿಗೆ ಬರುತ್ತಿದ್ದೇನೆ ಅಂತ ನಿಮಗೆ ಅಂದಾಜಾಗಿರಬಹುದು. ಡಾರ್ಲಾಗೆ ಕಾಣಿಸುವುದಿಲ್ಲ. ಸಿಡ್‌ಗೆ ಕಾಣಿಸುವುದಿಲ್ಲ. ಆಲ್‌ಗೂ ಕಾಣಿಸುವುದಿಲ್ಲ, ಅವನ ಲೆಕ್ಕದಲ್ಲಿ ವುಡಿ ಒಂದು ಹಳೆಯ ಗೊಂಬೆ. ಹಫ್‌ಗೆ ಕಾಣಿಸುತ್ತದೆ. ಇನ್ನೊಬ್ಬರ ನೋವು ಕೈಗೆ ಎಟುಕುವಷ್ಟು ಹತ್ತಿರ ಇದೆ. ಅದು ಅವನಿಗೆ ತಿಳಿದಿದೆ. ತಿಳಿದೂ ತನ್ನ ಸಣ್ಣ ಲೆಕ್ಕವನ್ನು ಮುಂದುವರಿಸುತ್ತಾನೆ. ನಮಗೆ ತಡೆಯಲು ಆಗದಿರುವುದು ಇದನ್ನೇ.

ಇದನ್ನು ಇನ್ನೂ ಕಪ್ಪಾಗಿ ತೋರಿಸಿದ್ದು 1991ರ 'ಬ್ಯೂಟಿ ಅಂಡ್ ದಿ ಬೀಸ್ಟ್'. ಗ್ಯಾಸ್ಟನ್ ಆ ಚಿತ್ರದ ವಿಲನ್. ಅವನಿಗೆ ಹಾಡಿದೆ, ತೋಳಿದೆ, ಊರಿನ ಮೆಚ್ಚುಗೆ ಇದೆ. ನಾನು ಹೇಳುತ್ತಿರುವುದು ಅವನ ಬಗ್ಗೆ ಅಲ್ಲ. ಮಸ್ಯೂ ದಾರ್ಕ್ ಅಂತ ಒಬ್ಬ ಬರುತ್ತಾನೆ. ಹುಚ್ಚಾಸ್ಪತ್ರೆ ನಡೆಸುವವನು. ರಾತ್ರಿ ಹೊತ್ತು, ಖಾಲಿಯಾದ ಹೆಂಡದಂಗಡಿ. ಗ್ಯಾಸ್ಟನ್ ಒಂದು ಚೀಲ ಚಿನ್ನದ ನಾಣ್ಯ ಅವನ ಮುಂದೆ ಎಸೆಯುತ್ತಾನೆ. ದಾರ್ಕ್ ಒಂದು ನಾಣ್ಯ ಹೊರಗೆ ತೆಗೆದು ಗಲ್ಲಕ್ಕೆ ಉಜ್ಜಿಕೊಳ್ಳುತ್ತಾನೆ. ಆಮೇಲೆ ಹೇಳು, ಕೇಳುತ್ತಿದ್ದೇನೆ ಅನ್ನುತ್ತಾನೆ.

ಯೋಜನೆ ಏನು? ಬೆಲ್ ಅನ್ನುವ ಹುಡುಗಿ ಗ್ಯಾಸ್ಟನ್‌ನನ್ನು ಮದುವೆಯಾಗಲು ಒಪ್ಪದಿದ್ದರೆ ಅವಳ ತಂದೆ ಮೊರೀಸ್‌ನನ್ನು ಹುಚ್ಚ ಅಂತ ಹೇಳಿ ಒಳಗೆ ಹಾಕುವುದು. ದಾರ್ಕ್ ಇಲ್ಲಿ ಏನು ಹೇಳುತ್ತಾನೆ ನೋಡಿ. ಮೊರೀಸ್ ಯಾರಿಗೂ ತೊಂದರೆ ಕೊಡುವವನಲ್ಲ ಅಂತ ಅವನೇ ಹೇಳುತ್ತಾನೆ! ಅವನಿಗೆ ಪೂರ್ತಿ ಗೊತ್ತು. ಆಮೇಲೆ ಇಡೀ ಯೋಜನೆಯನ್ನು ತನ್ನ ಬಾಯಿಂದಲೇ ಒಂದು ಸಲ ಹೇಳಿ ನೋಡುತ್ತಾನೆ, ಇದು ಎಷ್ಟು ನೀಚ ಅಂತ ತಾನೇ ಒಪ್ಪಿಕೊಳ್ಳುತ್ತಾನೆ, ಹಾಗೆ ಒಪ್ಪಿಕೊಂಡು ಖುಷಿಪಡುತ್ತಾನೆ. ಚಿನ್ನ ಒಂದು ಕಾರಣ ಮಾತ್ರ. ಅವನಿಗೆ ಬೇಕಾಗಿದ್ದದ್ದು ಆ ರುಚಿ.

ದಾರ್ಕ್‌ಗೆ ದನಿ ಕೊಟ್ಟವರು ಟೋನಿ ಜೇ. ಐದು ವರ್ಷದ ನಂತರ, 1996ರಲ್ಲಿ, ಅದೇ ನಿರ್ದೇಶಕರ ಜೋಡಿ, ಗ್ಯಾರಿ ಟ್ರೌಸ್‌ಡೇಲ್ ಮತ್ತು ಕರ್ಕ್ ವೈಸ್, 'ದಿ ಹಂಚ್‌ಬ್ಯಾಕ್ ಆಫ್ ನಾಟ್ರ್ ಡೇಮ್' ಮಾಡಿದಾಗ ಅದರ ದೊಡ್ಡ ವಿಲನ್ ಫ್ರೋಲೋಗೆ ಇದೇ ಟೋನಿ ಜೇ ದನಿಯಾದರು. ಎರಡು ಪಾತ್ರವನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ಒಂದು ವ್ಯತ್ಯಾಸ ಕಿವಿಗೆ ಸಿಗುತ್ತದೆ. ಫ್ರೋಲೋ ತನ್ನೊಳಗೇ ಸುಡುತ್ತಾನೆ. ತಾನು ಮಾಡುತ್ತಿರುವುದು ಸರಿ ಅಂತ ತನಗೆ ತಾನೇ ನಂಬಿಸಿಕೊಳ್ಳಲು ಒದ್ದಾಡುತ್ತಾನೆ. ಆ ಒದ್ದಾಟದಿಂದ ಅವನು ದೊಡ್ಡವನಾಗುತ್ತಾನೆ. ದಾರ್ಕ್‌ಗೆ ಒದ್ದಾಟವೇ ಇಲ್ಲ. ಸುಖವಾಗಿ ಕೂತಿದ್ದಾನೆ.

ಆ ಹೆಂಡದಂಗಡಿಯ ದೃಶ್ಯಕ್ಕಿಂತ ನನಗೆ ಜಾಸ್ತಿ ಕಷ್ಟ ಆಗುವುದು ಅವನ ಮುಂದಿನ ದೃಶ್ಯ. ಗಾಡಿ ಬೆಲ್ ಮನೆ ಮುಂದೆ ಬಂದು ನಿಲ್ಲುತ್ತದೆ. ಬಾಗಿಲು ತೆರೆದ ಹುಡುಗಿಗೆ ದಾರ್ಕ್ ತುಂಬ ಮರ್ಯಾದೆಯಿಂದ ಹೇಳುತ್ತಾನೆ, ನಿಮ್ಮ ತಂದೆಯನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ, ಹೆದರಬೇಡಿ, ಚೆನ್ನಾಗಿ ನೋಡಿಕೊಳ್ಳುತ್ತೇವೆ. ದನಿ ಏರಿಸುವುದಿಲ್ಲ. ಕೈ ಎತ್ತುವುದಿಲ್ಲ. ಆಸ್ಪತ್ರೆಯವರು ಆಡಬೇಕಾದ ಒಳ್ಳೆಯ ಮಾತನ್ನೇ ಆಡುತ್ತಾನೆ. ಮೊರೀಸ್‌ಗೆ ಹುಚ್ಚಿಲ್ಲ ಅನ್ನುವುದು ಅಲ್ಲಿ ನಿಂತವರಲ್ಲಿ ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅಪ್ಪನನ್ನು ಎಳೆದುಕೊಂಡು ಹೋಗುತ್ತಿರುವಾಗ ಆ ಮರ್ಯಾದೆಯ ಮಾತು ಕೇಳಿಸಿಕೊಳ್ಳಬೇಕಾದ ಮಗಳ ಸ್ಥಿತಿ ಯೋಚಿಸಿ.

ಇಂಥ ಒಬ್ಬರನ್ನು ನಾನು ನೋಡಿದ್ದೇನೆ. ಅನಿಮೇಷನ್ ಪಾತ್ರದಷ್ಟು ಕೆಟ್ಟವರಲ್ಲ, ಖಂಡಿತ ಅಲ್ಲ. ತಂದೆಯವರು ಹುಷಾರಿಲ್ಲದೆ ಮಲಗಿದ್ದರು. ಒಂದು ಕಾಗದಕ್ಕೆ ಸೀಲು ಬೀಳಬೇಕಾಗಿತ್ತು. ಓಡಿಕೊಂಡು ಹೋದಾಗ ಕೌಂಟರ್ ಮುಚ್ಚಲು ಇನ್ನೂ ಸ್ವಲ್ಪ ಸಮಯ ಇತ್ತು. ಗಾಜಿನ ಆಚೆ ಕೂತವರು ಒಂದು ಬಟ್ಟೆಯಿಂದ ರಬ್ಬರ್ ಸ್ಟಾಂಪನ್ನು ಒರೆಸುತ್ತಿದ್ದರು. ನಾಳೆ ಬನ್ನಿ ಅಂದರು. ನಾನು ತಂದೆಯವರ ವಿಷಯ ಹೇಳಿದೆ. ಅವರು ಕೇಳಿಸಿಕೊಂಡರು, ತಲೆಯನ್ನೂ ಆಡಿಸಿದರು. ಸ್ಟಾಂಪಿನ ಅಕ್ಷರಗಳ ಸಂದಿಯಲ್ಲಿ ಮಸಿ ಕೂತಿತ್ತು, ಅದನ್ನು ಉಗುರಿನಿಂದ ತೆಗೆದರು. ನಾಳೆ ಬನ್ನಿ ಅಂದರು. ಅವರ ಮುಖ ನನಗೆ ಈಗ ನೆನಪಿಲ್ಲ. ಆ ಉಗುರು ನೆನಪಿದೆ. ಹಫ್‌ನ ಪೆನ್ಸಿಲ್‌ಗಳನ್ನು ಮೊದಲ ಸಲ ನೋಡಿದಾಗ ನನ್ನ ಹೊಟ್ಟೆಯಲ್ಲಿ ಏನೋ ಬಿಗಿಯಾಯಿತು. ಯಾಕೆ ಅಂತ ಗೊತ್ತಾಗಲು ಸ್ವಲ್ಪ ಸಮಯ ಬೇಕಾಯಿತು.

ಸಿಂಹಾಸನಕ್ಕಾಗಿ ಅಣ್ಣನನ್ನು ಕೊಂದವರನ್ನು ನಾವು ಯಾರೂ ನೋಡಿಲ್ಲ. ಸ್ಟಾಂಪು ಒರೆಸುವವರನ್ನು ಎಲ್ಲರೂ ನೋಡಿದ್ದೇವೆ. ನಾವೇ ಯಾವತ್ತೋ ಒಂದು ದಿನ ಯಾರ ಮುಂದೆಯೋ ಸ್ಟಾಂಪು ಒರೆಸುತ್ತಾ ಕೂತಿದ್ದಿರಬಹುದು. ಸಣ್ಣ ವಿಲನ್ ಕಂಡಾಗ ಆಗುವ ಕಿರಿಕಿರಿಯಲ್ಲಿ ಇದೂ ಒಂದು ಪಾಲು ಇದೆ ಅಂತ ನಾನು ನಂಬುತ್ತೇನೆ.

ಈಗ ಓಟದ ಕಾರುಗಳ ಕಡೆಗೆ ಬರೋಣ. 2006ರ 'ಕಾರ್ಸ್' ಚಿತ್ರದ ಚಿಕ್ ಹಿಕ್ಸ್. ಹಸಿರು ಬಣ್ಣದ ಕಾರು, ನಂಬರ್ 86, ಮುಂಭಾಗದ ಜಾಲರಿ ಮೀಸೆಯ ಹಾಗೆ. ವರ್ಷಾನುಗಟ್ಟಲೆ ಕಿಂಗ್ ಅನ್ನುವ ಹಿರಿಯ ಕಾರಿನ ಹಿಂದೆ ಎರಡನೆಯವನಾಗಿ ಬಂದು ಬಂದು ಒಳಗೇ ಕುದಿಯುತ್ತಿರುವವನು. ಕಿಂಗ್ ನಂಬರ್ 43. ಅದಕ್ಕೆ ದನಿ ಕೊಟ್ಟವರು ನಿಜ ಜೀವನದಲ್ಲೂ 43ನೇ ನಂಬರಿನ ಕಾರು ಓಡಿಸಿ ಹೆಸರು ಮಾಡಿದ ರೇಸರ್ ರಿಚರ್ಡ್ ಪೆಟ್ಟಿ.

ಕೊನೆಯ ಓಟದ ಲೆಕ್ಕ ಸ್ವಲ್ಪ ಗಮನವಿಟ್ಟು ಕೇಳಿ. ಕಿಂಗ್‌ಗೆ ಇದೇ ಕೊನೆಯ ಸೀಸನ್. ಈ ಓಟ ಮುಗಿದರೆ ನಿವೃತ್ತಿ. ಅಂದರೆ ಚಿಕ್ ಹಿಕ್ಸ್ ಸುಮ್ನೆ ಇದ್ದಿದ್ದರೂ ಸಾಕಿತ್ತು, ಮುಂದಿನ ವರ್ಷ ಕಿಂಗ್ ಅವನ ದಾರಿಯಲ್ಲಿ ಇರುವುದೇ ಇಲ್ಲ. ಜೊತೆಗೆ ಕೊನೆಯ ಸುತ್ತಿನಲ್ಲಿ ಮುಂದೆ ಇರುವುದು ಲೈಟ್ನಿಂಗ್ ಮೆಕ್‌ಕ್ವೀನ್, ಚಿತ್ರದ ನಾಯಕ ಕಾರು. ಕಿಂಗ್ ಎರಡನೆಯವನು, ಚಿಕ್ ಮೂರನೆಯವನು. ಮೆಕ್‌ಕ್ವೀನ್ ಗೆರೆಯ ಹತ್ತಿರ ಹೋಗಿಯಾಗಿದೆ. ಇನ್ನೊಮ್ಮೆ ಈ ಮುದುಕನ ಹಿಂದೆ ಬರುವುದಿಲ್ಲ ಅಂತ ಹೇಳಿ ಚಿಕ್ ಅವನಿಗೆ ಗುದ್ದುತ್ತಾನೆ. ಕಿಂಗ್ ಪಲ್ಟಿ ಹೊಡೆದು ಹೊಡೆದು ಬಯಲಿನಲ್ಲಿ ಮುದ್ದೆಯಾಗಿ ಬೀಳುತ್ತದೆ. ಪ್ರೇಕ್ಷಕರ ಜಾಗದಲ್ಲಿ ಅದರ ಹೆಂಡತಿ ಇದ್ದಾಳೆ.

ಅವನು ಗುದ್ದಿದ್ದು ಗೆಲುವಿಗಾಗಿ ಅಲ್ಲ. ಎರಡನೇ ಜಾಗಕ್ಕಾಗಿ. ಇದು ನನಗೆ ಮೂರನೆಯದೋ ನಾಲ್ಕನೆಯದೋ ಸಲ ನೋಡುವಾಗ ಹೊಳೆದದ್ದು. ಹೊಳೆದ ಮೇಲೆ ಚಿಕ್ ಹಿಕ್ಸ್ ನನ್ನ ಕಣ್ಣಲ್ಲಿ ಬೇರೆಯೇ ಆಗಿಹೋದ. ಕಪ್‌ಗಾಗಿ ಹೊಡೆದಿದ್ದರೆ ಅದು ದುರಾಸೆ. ದುರಾಸೆ ನಮಗೆಲ್ಲ ಅರ್ಥವಾಗುತ್ತದೆ. ಇದು ಅದಕ್ಕಿಂತ ಕಿರಿದು. ಒಬ್ಬ ಹಿರಿಯ ಇನ್ನೇನು ಹೊರಡುವವನಿದ್ದಾನೆ. ಅವನನ್ನು ಮರ್ಯಾದೆಯಿಂದ ಹೋಗಲು ಬಿಡಲಾರದ ಸಣ್ಣತನ.

ಆಮೇಲೆ ಆಗುವುದು ನಿಮಗೆ ಗೊತ್ತು. ಮೆಕ್‌ಕ್ವೀನ್ ದೊಡ್ಡ ಪರದೆಯಲ್ಲಿ ಕಿಂಗ್‌ನ ಸ್ಥಿತಿ ನೋಡಿ ಗೆರೆಯ ಮುಂದೆಯೇ ನಿಂತುಬಿಡುತ್ತದೆ. ಚಿಕ್ ಪಕ್ಕದಿಂದ ಸೊಂಯ್ಯನೆ ದಾಟಿ ಗೆದ್ದೆ ಅಂತ ಕುಣಿಯುತ್ತಾನೆ. ಮೆಕ್‌ಕ್ವೀನ್ ಹಿಂದಕ್ಕೆ ಹೋಗಿ ಕಿಂಗ್‌ನನ್ನು ಹಿಂದಿನಿಂದ ತಳ್ಳಿಕೊಂಡು ಬಂದು ಗೆರೆ ದಾಟಿಸುತ್ತದೆ. ನನ್ನ ಅಕ್ಕನ ಮಗಳು ಐದು ವರ್ಷದವಳಿದ್ದಾಗ ಇದನ್ನು ನನ್ನ ಜೊತೆ ಕೂತು ನೋಡಿದಳು. ಚಿಕ್ ಕುಣಿಯುವಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಮಾಮ, ಅವನು ಹಿಂದೆ ತಿರುಗಿ ನೋಡಲ್ವಾ?" ಅವನು ಕೆಟ್ಟವನಾ ಅಂತ ಕೇಳಲಿಲ್ಲ, ಅವನಿಗೆ ಶಿಕ್ಷೆ ಆಗುತ್ತಾ ಅಂತಲೂ ಕೇಳಲಿಲ್ಲ. ಎಲ್ಲರಿಗೂ ಕಾಣುವ ಅಷ್ಟು ದೊಡ್ಡ ಪರದೆ ಅಲ್ಲಿದೆ. ಮೆಕ್‌ಕ್ವೀನ್ ಅದನ್ನೇ ನೋಡಿ ನಿಂತಿದ್ದು. ಚಿಕ್‌ಗೂ ಅದೇ ಪರದೆ ಇದೆ, ಅಲ್ವಾ?

ಚಿಕ್‌ಗೆ ಕಪ್ ಸಿಗುತ್ತದೆ. ಜನ ಕೂಗಿ ಛೀಮಾರಿ ಹಾಕುತ್ತಾರೆ. ಯಾಕೆ ಯಾರೂ ಖುಷಿಯಾಗಿಲ್ಲ ಅಂತ ಅವನಿಗೆ ಅರ್ಥವೇ ಆಗುವುದಿಲ್ಲ. ಆ ಗೊಂದಲದ ಮುಖವನ್ನು ಮಾಡಿದವರಿಗೆ ನಾನು ಕೈಮುಗಿಯುತ್ತೇನೆ. ಗೋಡೆಗೆ ಎಸೆಯುವುದಕ್ಕಿಂತ ಅದು ಸರಿಯಾದ ಶಿಕ್ಷೆ.

ಇಲ್ಲಿ ಒಬ್ಬರು ಕೇಳಬಹುದು, ನೋವು ಕಂಡೂ ತನ್ನ ಲೆಕ್ಕ ನೋಡಿಕೊಂಡವರೆಲ್ಲ ಅಸಹ್ಯವೇನಾ ಅಂತ. ಈ ಪ್ರಶ್ನೆಯಿಂದ ನಾನು ತಪ್ಪಿಸಿಕೊಳ್ಳಲಾರೆ, ಯಾಕೆಂದರೆ ಒಂದು ಚಿತ್ರ ನನ್ನನ್ನು ಇಲ್ಲೇ ಹಿಡಿದು ನಿಲ್ಲಿಸಿದೆ. 1988ರ ಜಪಾನಿ ಚಿತ್ರ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. ನಿರ್ದೇಶಕರು ಇಸಾವೋ ತಕಹಾತಾ. 1945, ಯುದ್ಧದ ಕೊನೆ. ಬಾಂಬಿಗೆ ತಾಯಿಯನ್ನು ಕಳೆದುಕೊಂಡ ಹುಡುಗ ಸೈತಾ ಮತ್ತು ಪುಟ್ಟ ತಂಗಿ ಸೆತ್ಸುಕೋ ದೂರದ ಅತ್ತೆಯೊಬ್ಬಳ ಮನೆ ಸೇರುತ್ತಾರೆ. ಆಕೆ ಮಕ್ಕಳ ತಾಯಿಯ ಕಿಮೋನೋಗಳನ್ನು ಅಕ್ಕಿಗೆ ಮಾರಿಸುತ್ತಾಳೆ. ಅಮ್ಮನ ಬಟ್ಟೆ ಹೊರಗೆ ಹೋಗುವಾಗ ಸೆತ್ಸುಕೋ ಚೀರಿ ಅಳುತ್ತಾಳೆ. ಬಂದ ಅಕ್ಕಿಯಲ್ಲಿ ಆಕೆ ತನ್ನ ಪಾಲು ತೆಗೆಯುತ್ತಾಳೆ. ದಿನ ಕಳೆದ ಹಾಗೆ ಅನ್ನ ತನ್ನ ಮಗಳಿಗೆ, ಕೆಲಸಕ್ಕೆ ಹೋಗುವವರಿಗೆ. ಈ ಮಕ್ಕಳ ಬಟ್ಟಲಿಗೆ ಬರೀ ತಿಳಿ.

ಮೊದಲ ಸಲ ನೋಡಿದಾಗ ನನಗೆ ಆಕೆಯ ಮೇಲೆ ಬಂದಷ್ಟು ಸಿಟ್ಟು ಯಾವ ರಾಕ್ಷಸನ ಮೇಲೂ ಬಂದಿರಲಿಲ್ಲ. ಸೌಟು ಪಾತ್ರೆಯ ತಳಕ್ಕೆ ಹೋಗುತ್ತದೋ ಮೇಲೆಯೇ ನಿಲ್ಲುತ್ತದೋ ಅನ್ನುವುದನ್ನೇ ನೋಡುತ್ತಾ ಕೂತಿದ್ದೆ. ಎಷ್ಟೋ ವರ್ಷದ ಮೇಲೆ, ಮನೆ ಜವಾಬ್ದಾರಿ ನನ್ನ ಹೆಗಲಿಗೆ ಬಂದ ಮೇಲೆ, ಮತ್ತೆ ನೋಡಿದೆ. ಆಗ ಬೇರೆ ವಿಷಯಗಳೂ ಕಂಡವು. ಆಕೆಯ ಹತ್ತಿರವೂ ಅಕ್ಕಿ ಇಲ್ಲ. ಸೈತಾ ಕೆಲಸಕ್ಕೂ ಹೋಗುವುದಿಲ್ಲ, ಮನೆಯಲ್ಲೂ ಕೈ ಹಾಕುವುದಿಲ್ಲ. ಆಕೆ ಅದನ್ನು ಮತ್ತೆ ಮತ್ತೆ ಎತ್ತಿ ಆಡುತ್ತಾಳೆ, ಚುಚ್ಚಿ ಆಡುತ್ತಾಳೆ. ಆ ಚುಚ್ಚು ಮಾತುಗಳನ್ನು ನಾನು ಈಗಲೂ ಕ್ಷಮಿಸಿಲ್ಲ. ಆದರೆ ಆಕೆಯನ್ನು ವಿಲನ್ ಅಂತ ಕರೆಯಲು ನನ್ನಿಂದ ಆಗುವುದಿಲ್ಲ. ಆಕೆಯ ಸೌಟಿನ ಹಿಂದೆ ಆಕೆಯದೇ ಒಂದು ಹಸಿವು ಇದೆ. ಹಫ್‌ನ ಪೆನ್ಸಿಲ್ ಹಿಂದೆ ಏನಿದೆ? ದಾರ್ಕ್‌ನ ನಾಣ್ಯದ ಹಿಂದೆ? ಅವರಿಬ್ಬರನ್ನು ಎಷ್ಟು ಸಲ ನೋಡಿದರೂ ಮೊದಲ ಸಲದಷ್ಟೇ ಸಿಟ್ಟು.

ಅದಕ್ಕೇ ನನ್ನ ಹತ್ತಿರ ಕಥೆ ತೋರಿಸಲು ಬರುವ ಹುಡುಗ ಹುಡುಗಿಯರಿಗೆ ನಾನು ಒಂದು ಮಾತು ಹೇಳುತ್ತೇನೆ. ನಿಮ್ಮ ಸಣ್ಣ ವಿಲನ್‌ಗೆ ದುಃಖದ ಬಾಲ್ಯ ಕೊಡಲು ಹೋಗಬೇಡಿ. ಎರಡು ನಿಮಿಷದಲ್ಲಿ ಅದು ಮೂಡುವುದಿಲ್ಲ, ಬರೀ ನೆಪ ಆಗುತ್ತದೆ. ಅವನನ್ನು ಕಿರುಚಿಸಲೂ ಬೇಡಿ. ಅವನ ಕೈಗೆ ಒಂದು ಸಣ್ಣ ಕೆಲಸ ಕೊಡಿ, ಅವನು ಪ್ರೀತಿಯಿಂದ ಮಾಡುವಂಥದ್ದು. ಅವನ ಕಣ್ಣೆದುರಿಗೆ ಒಬ್ಬರನ್ನು ಕಷ್ಟದಲ್ಲಿ ನಿಲ್ಲಿಸಿ. ಅವನು ತಲೆ ಎತ್ತಿ ನೋಡಲಿ. ನೋಡಿದ್ದು ನಮಗೆ ಸ್ಪಷ್ಟವಾಗಿ ಕಾಣಲಿ. ಆಮೇಲೆ ಅವನು ತನ್ನ ಕೆಲಸಕ್ಕೆ ವಾಪಸ್ ಹೋಗಲಿ. ದೃಶ್ಯವನ್ನು ಮೊದಲು ಚೌಕ ಚೌಕವಾಗಿ ಬಿಡಿಸಿಕೊಳ್ಳುವ ಸ್ಟೋರಿಬೋರ್ಡಿನಲ್ಲಿ ನಾಲ್ಕು ಚೌಕ ಸಾಕು.

ಕೊನೆಗೆ ಒಂದು ಹಳೆಯ ಚಿತ್ರ. ನನ್ನ ಮಟ್ಟಿಗೆ ಈ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಯಾರೂ ಮಾಡಿಲ್ಲ. 1940ರ 'ಪಿನೋಕಿಯೋ'. ಅದರಲ್ಲಿ ಒಬ್ಬ ಗಾಡಿಯವನು ಬರುತ್ತಾನೆ. ಕೆಂಪು ಕೋಟು, ದುಂಡು ಮುಖ. ಪೋಲಿ ಹುಡುಗರನ್ನು ಗಾಡಿಯಲ್ಲಿ ತುಂಬಿಸಿಕೊಂಡು ಒಂದು ದ್ವೀಪಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಏನು ಬೇಕಾದರೂ ತಿನ್ನಬಹುದು, ಒಡೆಯಬಹುದು, ಬೇಡ ಅನ್ನುವವರಿಲ್ಲ. ಆಮೇಲೆ ಹುಡುಗರು ಕತ್ತೆಗಳಾಗುತ್ತಾರೆ. ತನ್ನ ವ್ಯಾಪಾರದ ಗುಟ್ಟನ್ನು ಅವನು ಇಬ್ಬರು ಮೋಸಗಾರರಿಗೆ ಹೇಳುವಾಗ ಆ ಮೋಸಗಾರರೇ ನಡುಗುತ್ತಾರೆ.

ಕತ್ತೆಗಳನ್ನು ಪೆಟ್ಟಿಗೆಗೆ ತುಂಬುವ ದೃಶ್ಯ. ರಾತ್ರಿ. ಉಪ್ಪಿನ ಗಣಿಗೆ, ಸರ್ಕಸ್‌ಗೆ ಅಂತ ಪೆಟ್ಟಿಗೆಗಳ ಮೇಲೆ ಬರೆದಿದೆ. ಗಾಡಿಯವನು ಒಂದೊಂದು ಕತ್ತೆಯನ್ನೂ ಹಿಡಿದು ನಿನ್ನ ಹೆಸರೇನು ಅಂತ ಕೇಳುತ್ತಾನೆ. ಅರಚಿದರೆ ಸರಿ, ಮೈಮೇಲಿನ ಬಟ್ಟೆ ಹರಿದು ಪೆಟ್ಟಿಗೆಗೆ ಹಾಕುತ್ತಾನೆ. ಒಂದು ಪುಟ್ಟ ಕತ್ತೆಯ ಸರದಿ ಬರುತ್ತದೆ. ತಲೆ ಮೇಲೆ ಇನ್ನೂ ಟೋಪಿ. ಅದು ಅರಚುವುದಿಲ್ಲ. ಅಲೆಕ್ಸಾಂಡರ್ ಅನ್ನುತ್ತದೆ. ಓಹೋ, ನಿನಗೆ ಮಾತು ಬರುತ್ತದಾ? ಹೌದು ಸರ್, ನನಗೆ ಮನೆಗೆ ಹೋಗಬೇಕು, ಅಮ್ಮನ ಹತ್ತಿರ. ಇವನನ್ನು ವಾಪಸ್ ಕಟ್ಟಿಹಾಕಿ, ಇನ್ನೂ ಮಾತು ಬರುತ್ತಿದೆ ಅನ್ನುತ್ತಾನೆ ಗಾಡಿಯವನು. ಇನ್ನೂ ಹದ ಬಂದಿಲ್ಲ ಅಂತ ಮಾಲನ್ನು ಪಕ್ಕಕ್ಕೆ ಇಡುವ ಹಾಗೆ.

ಮಗುವಿನ ಮಾತನ್ನು ಅವನು ಪೂರ್ತಿ ಕೇಳಿಸಿಕೊಂಡ. ಅದರಲ್ಲಿ ಅವನಿಗೆ ಬೇಕಾಗಿದ್ದದ್ದು ಮಾತು ಬರುತ್ತದೋ ಇಲ್ಲವೋ ಅನ್ನುವುದೊಂದೇ.

ಅವನಿಗೆ ಆ ಚಿತ್ರದಲ್ಲಿ ಶಿಕ್ಷೆ ಆಗುವುದಿಲ್ಲ. ಪಿನೋಕಿಯೋ ತಪ್ಪಿಸಿಕೊಂಡು ಸಮುದ್ರಕ್ಕೆ ಹಾರುತ್ತಾನೆ, ಕಥೆ ಬೇರೆ ಕಡೆಗೆ ಹೊರಟುಹೋಗುತ್ತದೆ. ದ್ವೀಪ ಹಾಗೇ ಉಳಿಯುತ್ತದೆ, ಗಾಡಿಯೂ. ಗಾಡಿಯವನಿಗೆ ಇಡೀ ಚಿತ್ರದಲ್ಲಿ ಒಂದು ಹೆಸರು ಕೂಡ ಇಲ್ಲ. ಆದರೆ ಆ ಪುಟ್ಟ ಕತ್ತೆಯ ಹೆಸರು ಅಲೆಕ್ಸಾಂಡರ್ ಅಂತ ನಮಗೆ ಗೊತ್ತು. ಕೇಳಿದ್ದು ಅವನೇ.